ಅಡಿಕೆ ಸುಲಿಯೋ ಚಪ್ಪರದಲ್ಲಿ ಹದಿಮೂರು ವರ್ಷದ ಹುಡುಗಿ. ಶಾಲೆ ಬಿಟ್ಟಿದ್ದಾಳೆ, ನಾನೇನು ಮಾಡಲಿ?

ಹೊಳೆಬದಿ ಮನೆ (ಶನಿವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯ ಒಂದು ಹಳ್ಳಿಯಿಂದ ಬರೆಯುತ್ತಿದ್ದೇನೆ. ನಮ್ಮ ಪಕ್ಕದ ತೋಟದವರು ಈ ಸಲ ಅಡಿಕೆಯನ್ನು ಚೇಣಿಗೆ, ಅಂದರೆ ಫಸಲು ಗುತ್ತಿಗೆಗೆ, ಕೊಟ್ಟಿದ್ದಾರೆ. ಚೇಣಿಯವರು ಸುಲಿಯೋದಕ್ಕೆ ಹಾವೇರಿ ಕಡೆಯಿಂದ ನಾಲ್ಕು ಸಂಸಾರ ಕರೆಸಿದ್ದಾರೆ. ಅದರಲ್ಲಿ ಒಂದು ಮನೆಯ ಹುಡುಗಿಗೆ ಹದಿಮೂರು ವರ್ಷ. ದೀಪಾವಳಿ ಆದಮೇಲೆ ನಮ್ಮೂರ ಶಾಲೆಗೆ ಏಳನೇ ಕ್ಲಾಸಿಗೆ ಸೇರಿದಳು. ಮೂರು ವಾರ ಹೋದಳು. ಆಮೇಲೆ ಬಿಟ್ಟಳು. ಈಗ ತಿಂಗಳಾಯಿತು.

ಹಗಲೆಲ್ಲ ಒಂದು ವರ್ಷದ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಓಡಾಡುತ್ತಾಳೆ. ರಾತ್ರಿ ಅವನು ಮಲಗಿದ ಮೇಲೆ ಮೆಟ್ಟುಗತ್ತಿ, ಅಂದರೆ ಅಡಿಕೆ ಸುಲಿಯೋ ಕತ್ತಿಯ ಮಣೆ, ಹತ್ತುತ್ತಾಳೆ. ನಮ್ಮ ಅಡುಗೆಮನೆ ಕಿಟಕಿಯಿಂದ ಆ ಚಪ್ಪರದ ಬಲ್ಬು ಕಾಣುತ್ತದೆ. ಹನ್ನೊಂದು ಗಂಟೆಗೂ ಅವಳು ಅಲ್ಲೇ ಇರುತ್ತಾಳೆ. ಹೆಬ್ಬೆರಳಿಗೆ ಹಳೇ ಸೀರೆಯ ಚೂರು ಸುತ್ತಿಕೊಂಡಿರುತ್ತಾಳೆ. ಮೊನ್ನೆ ಬಾವಿ ಹತ್ತಿರ ಸಿಕ್ಕಾಗ "ಶಾಲೆಗೆ ಯಾಕೆ ಹೋಗ್ತಾ ಇಲ್ಲ ಪುಟ್ಟಿ" ಅಂತ ಕೇಳಿದೆ. ಮಾತಾಡಲಿಲ್ಲ. ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡು ನಿಂತಳು.

ಪಕ್ಕದ ಮನೆಯವರು ನಮಗೆ ನೆಂಟರು. ದಿನಾ ಮುಖ ನೋಡಬೇಕು. ದೂರು ಕೊಟ್ಟರೆ ಏನಾಗುತ್ತದೋ, ಕೊಡದೆ ಇದ್ದರೆ ನನಗೆ ನಿದ್ದೆ ಬರುವುದಿಲ್ಲ. ಗೊತ್ತಿದ್ದವರು ದಾರಿ ಹೇಳಿ. ಒಂದು ಫೋಟೋನೂ ಹಾಕಿದ್ದೇನೆ.

ವಕೀಲರ ಮನೆ ಹುಡುಗಿ

ಅಕ್ಕ, ಮೊದಲು ಆ ಫೋಟೋ ತೆಗೆಯಿರಿ. ದಯವಿಟ್ಟು ಈಗಲೇ. ಇಂಥ ಮಗುವಿನ ಗುರುತು ಸಿಗುವ ಹಾಗೆ ಹೆಸರು, ಫೋಟೋ, ಊರು, ಶಾಲೆ ಯಾವುದನ್ನೂ ಎಲ್ಲೂ ಹಾಕುವಂತಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಇರುವುದೇ ಇದಕ್ಕೆ. ನಿಮ್ಮ ಉದ್ದೇಶ ಒಳ್ಳೆಯದೇ. ಆದರೆ ಆ ಹುಡುಗಿಗೆ ನಾಳೆ ಇದು ತೊಂದರೆ ಆಗಬಾರದು ಅಲ್ವಾ?

ಹೊಳೆಬದಿ ಮನೆ

ತೆಗೆದೆ. ನನಗೆ ತಿಳಿದಿರಲಿಲ್ಲ, ತಪ್ಪಾಯಿತು.

ಸಾಗರದ ಭಾವ

ಇದರಲ್ಲಿ ಯೋಚನೆ ಮಾಡೋದು ಎಂಥದು ಮಾರಾಯ್ರೆ? 1098ಕ್ಕೆ ಫೋನ್ ಮಾಡಿ. ದುಡ್ಡು ಬೀಳಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಎತ್ತುತ್ತಾರೆ. ನಿಮ್ಮ ಹೆಸರು ಹೊರಗೆ ಬರಬಾರದು ಅಂತ ಹೇಳಿದರೆ ಸಾಕು.

ಕೊನೆಗಾರ

ಇದೇನು ದೊಡ್ಡ ಅಪರಾಧ ಅನ್ನೋ ಹಾಗೆ ಬರೆದಿದ್ದೀರಿ? ಮಲೆನಾಡಿನಲ್ಲಿ ಅಡಿಕೆ ಸುಲಿಯದೆ ಓದಿದವರು ಯಾರಿದ್ದಾರೆ ಹೇಳಿ. ನಾನೂ ಸುಲಿದಿದ್ದೇನೆ, ನಮ್ಮಕ್ಕನೂ ಸುಲಿದಿದ್ದಾಳೆ. ಅಂಗಳದಲ್ಲಿ ಹತ್ತು ಜನ ಕೂತು, ಅಜ್ಜಿ ಕಥೆ ಹೇಳುತ್ತಾ, ನಡುರಾತ್ರಿ ಬೆಲ್ಲದ ಕಾಫಿ ಕುಡಿಯುತ್ತಾ ಸುಲಿಯುತ್ತಿದ್ದೆವು. ಆ ಹುಡುಗಿ ಅಪ್ಪ ಅಮ್ಮನ ಜೊತೆ ಕೂತು ಕೆಲಸ ಮಾಡಿದರೆ ತಪ್ಪೇನು? ಪಾಪದ ಜನ, ಹೊಟ್ಟೆಪಾಡು. ಅಧಿಕಾರಿಗಳನ್ನು ಕರೆಸಿ ಅವರ ಕೂಲಿ ಯಾಕೆ ಕಳೀತೀರಿ?

ಕಾನುಮನೆ ಅಕ್ಕ

ಕೊನೆಗಾರರೇ, ನಾನೂ ಆ ಕಾಫಿ ಕುಡಿದವಳೇ. ಆದರೆ ನಾವು ನಮ್ಮ ಮನೆ ಅಡಿಕೆ ಸುಲಿದೆವು. ನಿದ್ದೆ ಬಂದರೆ ಅಮ್ಮ "ಹೋಗಿ ಮಲಗು" ಅನ್ನುತ್ತಿದ್ದರು. ಬೆಳಗ್ಗೆ ಎದ್ದು ಶಾಲೆಗೆ ಹೋಗುತ್ತಿದ್ದೆವು. ಈ ಹುಡುಗಿ ಡಬ್ಬಕ್ಕೆ ಇಷ್ಟು ಕೂಲಿ ಅನ್ನೋ ಲೆಕ್ಕಕ್ಕೆ ಸುಲಿಯುತ್ತಾಳೆ. ಅವಳು ಎದ್ದು ಹೋದರೆ ಅವತ್ತಿನ ಡಬ್ಬ ಕಮ್ಮಿ ಆಗುತ್ತದೆ. ಬೆಳಗ್ಗೆ ಶಾಲೆಯೂ ಇಲ್ಲ. ಎರಡೂ ಒಂದೇ ಅಂತ ಹೇಗೆ ಹೇಳುತ್ತೀರಿ?

ವಕೀಲರ ಮನೆ ಹುಡುಗಿ

ಕಾನೂನು ಹೇಳೋದೂ ಹೆಚ್ಚು ಕಮ್ಮಿ ಇದನ್ನೇ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಆಯಿತು. 14 ವರ್ಷದ ಒಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ತಮ್ಮದೇ ಮನೆಯ ಕಸುಬಿನಲ್ಲಿ, ಅದೂ ಶಾಲೆ ಮುಗಿದ ಮೇಲೆ ಅಥವಾ ರಜೆಯಲ್ಲಿ ಮಾತ್ರ ಕೈ ಜೋಡಿಸಬಹುದು. ಬೇರೆಯವರ ಅಡಿಕೆಯನ್ನು ಕೂಲಿಗೆ ಸುಲಿಯುವುದು ಮನೆಯ ಕಸುಬು ಆಗುವುದಿಲ್ಲ, ಅಪ್ಪ ಅಮ್ಮ ಪಕ್ಕದಲ್ಲೇ ಕೂತಿದ್ದರೂ ಅಷ್ಟೇ.

ಕೆಲಸಕ್ಕೆ ಇಟ್ಟುಕೊಂಡವರಿಗೆ 6 ತಿಂಗಳಿಂದ 2 ವರ್ಷ ಜೈಲು, ಇಲ್ಲವೇ 20 ಸಾವಿರದಿಂದ 50 ಸಾವಿರದವರೆಗೆ ದಂಡ, ಕೆಲವೊಮ್ಮೆ ಎರಡೂ. ಅಪ್ಪ ಅಮ್ಮನಿಗೆ ಮೊದಲ ಸಲ ಶಿಕ್ಷೆ ಇಲ್ಲ. ಹಾಗಾಗಿ ದೂರು ಕೊಟ್ಟರೆ ಆ ಬಡವರನ್ನು ಜೈಲಿಗೆ ಹಾಕುತ್ತಾರೆ ಅನ್ನೋ ಹೆದರಿಕೆ ಬೇಡ.

ತುಂಗೆ ನೀರು

14 ಅಲ್ಲ, 18 ವರ್ಷದವರೆಗೆ ಉಚಿತ ಶಿಕ್ಷಣ ಅಲ್ವಾ?

ಹಳೇ ಮೇಷ್ಟ್ರು

ಅಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರಿಗೆ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಬಾಲನ್ಯಾಯ ಕಾಯ್ದೆ ನೋಡಿದರೆ 18ರ ಒಳಗಿನವರೆಲ್ಲ ಮಕ್ಕಳೇ. ಎರಡನ್ನೂ ಸೇರಿಸಿ ಗೊಂದಲ ಆಗುತ್ತದೆ.

ಹೊಳೆಬದಿ ಅಮ್ಮ, ನಾನು ಮೂವತ್ತು ವರ್ಷ ಹೊಸನಗರ, ತೀರ್ಥಹಳ್ಳಿ ಕಡೆ ಪಾಠ ಮಾಡಿದವನು. ಶಾಲೆ ಬಿಟ್ಟ ಮಕ್ಕಳ ಮನೆಗೆ ನಡೆದು ನಡೆದು ಎಷ್ಟು ಜೊತೆ ಚಪ್ಪಲಿ ಸವೆಸಿದ್ದೇನೋ ಲೆಕ್ಕ ಇಲ್ಲ. ಒಂದು ಮಾತು ಹೇಳುತ್ತೇನೆ. ಮಗು ಶಾಲೆ ಬಿಡುವುದಕ್ಕೆ ಬಡತನ ಕಾರಣ ಅಂತ ಬರೆದು ಫೈಲ್ ಮುಚ್ಚುತ್ತೇವೆ. ಬಡತನ ಇರುವ ಎಲ್ಲ ಮಕ್ಕಳೂ ಶಾಲೆ ಬಿಡುವುದಿಲ್ಲ. ಅದರ ಕೆಳಗೆ ಒಂದು ಸಣ್ಣ ಕಾರಣ ಇರುತ್ತದೆ. ಕೈಯಲ್ಲಿ ಹಿಡಿದು ತೋರಿಸುವಷ್ಟು ಸಣ್ಣದು. ಅದು ಸಿಕ್ಕಿದರೆ ಅರ್ಧ ಕೆಲಸ ಮುಗಿದ ಹಾಗೆ.

ಒಬ್ಬ ಹುಡುಗ ಮಳೆಗಾಲ ಶುರುವಾದ ಕೂಡಲೇ ಬರುವುದು ನಿಲ್ಲಿಸುತ್ತಿದ್ದ. ಸೋಮಾರಿ ಅಂದುಕೊಂಡಿದ್ದೆವು. ಒಂದು ದಿನ ಅವನ ಹಿಂದೆಯೇ ಹೋದೆ. ಮನೆ ಹತ್ತಿರ ಹಳ್ಳಕ್ಕೆ ಎರಡು ಅಡಿಕೆ ಮರ ಅಡ್ಡ ಹಾಕಿದ ಕಾಲುಸಂಕ. ಹಿಡಿಯೋದಕ್ಕೆ ಒಂದು ಬಳ್ಳಿನೂ ಇಲ್ಲ. ಕೆಳಗೆ ಕೆಂಪು ನೀರು ಭೋರ್ಗರೆಯುತ್ತಿತ್ತು. ನಾನೇ ಆ ಕಡೆ ದಾಟಲಿಲ್ಲ, ವಾಪಸ್ ಬಂದೆ. ಎಂಟು ವರ್ಷದ ಹುಡುಗನಿಗೆ ಬೈದಿದ್ದೆನಲ್ಲ ಅಂತ ಇವತ್ತಿಗೂ ಬೇಜಾರಾಗುತ್ತದೆ. ಊರವರು ಸೇರಿ ಎರಡೂ ಕಡೆ ಬಿದಿರಿನ ಕೈಹಿಡಿ ಕಟ್ಟಿದರು. ಅವನು ಬಂದ.

ಈ ಹುಡುಗಿಯದು ಆ ಪುಟ್ಟ ತಮ್ಮ ಇರಬಹುದು. ಬೇರೆ ಏನಾದರೂ ಇರಲೂಬಹುದು. ಹೆಡ್ ಮೇಷ್ಟ್ರನ್ನು ಕರೆದುಕೊಂಡು ಹೋಗಿ, ಅವಳ ಅಮ್ಮನ ಜೊತೆ ಕೂತು ಮಾತಾಡಿ. ನಮ್ಮ ರಾಜ್ಯದಲ್ಲಿ ಮಗು ಕಾರಣ ಇಲ್ಲದೆ ಸತತ 7 ದಿನ ಬಾರದಿದ್ದರೆ ಶಾಲೆಯವರು ವಿಚಾರಿಸಲೇಬೇಕು. ತಿಂಗಳಾಗಿದೆ ಅಂದರೆ ಅವರೂ ಹೋಗಬೇಕಿತ್ತು.

ಸಾಗರದ ಭಾವ

ಮೇಷ್ಟ್ರೇ, ನಿಮ್ಮ ಮಾತು ಸರಿ. ಆದರೆ ಕೂತು ಮಾತಾಡುತ್ತಾ ಇನ್ನೊಂದು ತಿಂಗಳು ಹೋದರೆ? ಕೊಯ್ಲು ಮುಗಿದರೆ ಅವರು ಲಾರಿ ಹತ್ತಿ ಹೊರಟುಬಿಡುತ್ತಾರೆ. ನಾನು ಹೇಳೋದು, ಎರಡೂ ಮಾಡಿ. ಮಾತೂ ಆಡಿ, ಫೋನೂ ಮಾಡಿ.

ಕಾಫಿ ಗಿಡ

ಕೊಪ್ಪದ ಹತ್ತಿರದವನು ನಾನು. ಎಸ್ಟೇಟಿನ ಲೈನ್ ಮನೆಗಳಲ್ಲಿ ಈಗ ಅಸ್ಸಾಂ, ಜಾರ್ಖಂಡ್ ಕಡೆಯವರು ಜಾಸ್ತಿ. ಅವರ ಮಕ್ಕಳಿಗೆ ಕನ್ನಡವೇ ಬರಲ್ಲ. ಶಾಲೆಗೆ ಸೇರಿಸಿದರೂ ಮೂಲೆಯಲ್ಲಿ ಕೂತಿರುತ್ತವೆ. ನಮ್ಮೂರ ಟೀಚರ್ ಒಬ್ಬರು ಒಂದು ಉಪಾಯ ಮಾಡಿದರು. ಆ ಮಕ್ಕಳಿಂದಲೇ ಅವರ ಭಾಷೆಯಲ್ಲಿ ಹೂವು, ನೀರು, ನಾಯಿ, ಅಕ್ಕಿಗೆ ಏನಂತಾರೆ ಕೇಳಿ ಗೋಡೆ ಮೇಲೆ ಬರೆಸಿದರು, ಪಕ್ಕದಲ್ಲಿ ಕನ್ನಡ. ನಮ್ಮ ಮಕ್ಕಳು ಅದನ್ನು ಕಲಿತು ಆಟದಲ್ಲಿ ಕೂಗೋದಕ್ಕೆ ಶುರು ಮಾಡಿದವು. ಆಮೇಲೆ ಆ ಮಕ್ಕಳು ಬಾಯಿ ಬಿಟ್ಟವು.

ಹಾವೇರಿ ಕಡೆಯ ಮಾತು ಬೇರೆ ಥರ. ನಮ್ಮ ಮಕ್ಕಳು ನಗಾಡಿರಬಹುದು. ಅದನ್ನೂ ಕೇಳಿ ನೋಡಿ.

ಚಪ್ಪರದ ಯಜಮಾನ

ನಾನು ಬೆಳೆಗಾರ. ನನ್ನ ಮಾತೂ ಕೇಳಿ. ಈಗ ಸುಲಿಯೋರು ಸಿಗುವುದಿಲ್ಲ. ಅಡಿಕೆ ಕೊಯ್ದ ಮೇಲೆ ಕಾಯೋ ಹಾಗಿಲ್ಲ, ಬೇಗ ಸುಲಿದು ಬೇಯಿಸದಿದ್ದರೆ ಬಣ್ಣ ಕೆಡುತ್ತದೆ. ಮೇಸ್ತ್ರಿ "ಹತ್ತು ಜನ ಬರ್ತಾರೆ" ಅಂತಾನೆ. ಹತ್ತರಲ್ಲಿ ಮೂರು ಮಕ್ಕಳು ಅಂತ ಬಂದಮೇಲೆ ತಾನೇ ಗೊತ್ತಾಗುವುದು? ನಾವು ಯಾರೂ ಮಕ್ಕಳನ್ನು ಕೂರಿಸಿ ಅಂತ ಹೇಳಲ್ಲ. ಅವರೇ ಕೂರಿಸಿಕೊಳ್ಳುತ್ತಾರೆ. ಬೇಡ ಅಂದರೆ "ನಾಳೆಯಿಂದ ಬೇರೆ ತೋಟಕ್ಕೆ ಹೋಗ್ತೀವಿ" ಅನ್ನುತ್ತಾರೆ.

ಕಾನುಮನೆ ಅಕ್ಕ

ಅಣ್ಣ, ಬೇಡ ಅಂತ ಎಲ್ಲರೂ ಅಂದರೆ ಅವರು ಯಾವ ತೋಟಕ್ಕೆ ಹೋಗುತ್ತಾರೆ? ನಮ್ಮ ಕೇರಿಯಲ್ಲಿ ಆರು ಮನೆಯವರು ಸೇರಿ ಸುಲಿಯೋ ಮಷಿನ್ ತಂದೆವು. ಕಾಯಿ ಸ್ವಲ್ಪ ಗಾಯ ಆಗುತ್ತದೆ, ನಿಜ. ಉಳಿದದ್ದನ್ನು ದೊಡ್ಡವರು ಸುಲಿಯುತ್ತಾರೆ. ಮೇಸ್ತ್ರಿಗೆ ಮೊದಲೇ ಹೇಳುತ್ತೇವೆ, ಮೆಟ್ಟುಗತ್ತಿ ಮೇಲೆ ಮಕ್ಕಳು ಕೂತರೆ ಆ ಡಬ್ಬಕ್ಕೆ ದುಡ್ಡಿಲ್ಲ, ಮಕ್ಕಳು ಶಾಲೆಗೆ ಹೋದರೆ ಸಂಜೆ ತಿಂಡಿ ನಮ್ಮ ಮನೆಯದು. ಎರಡು ವರ್ಷದಿಂದ ಹೀಗೇ ನಡೆದಿದೆ. ಯಾರೂ ಬಿಟ್ಟು ಹೋಗಿಲ್ಲ.

ಚಪ್ಪರದ ಯಜಮಾನ

ತಿಂಡಿ ವಿಷಯ ನನಗೆ ಹೊಳೆದಿರಲಿಲ್ಲ. ನಮ್ಮ ಮನೆಯವರಿಗೆ ಹೇಳುತ್ತೇನೆ.

ಮಳೆ ಹುಚ್ಚಿ

ಶಾಲೆ ಎಷ್ಟು ದೂರ ಅಕ್ಕ?

ಹೊಳೆಬದಿ ಮನೆ

ನಾಲ್ಕು ಕಿಲೋಮೀಟರ್. ಅರ್ಧ ಕಾಡು ದಾರಿ. ಬೆಳಗ್ಗೆ ಒಂದು ಬಸ್ಸಿದೆ, ಖಾಸಗಿಯದು.

ಮಳೆ ಹುಚ್ಚಿ

ಅದೇ ನೋಡಿ! ಹೆಣ್ಣುಮಕ್ಕಳಿಗೆ ಬಸ್ ಫ್ರೀ ಅಂತ 2023ರ ಜೂನ್‌ನಿಂದ ಇಡೀ ರಾಜ್ಯ ಹೇಳುತ್ತದೆ. ಶಕ್ತಿ ಯೋಜನೆ ಸರ್ಕಾರಿ ಬಸ್ಸಿಗೆ ಮಾತ್ರ. ನಮ್ಮ ಘಟ್ಟದ ಹಳ್ಳಿಗಳಿಗೆ ಬರುವುದು ಹೆಚ್ಚಿನವು ಖಾಸಗಿ ಬಸ್ಸು. ನಮ್ಮ ಹುಡುಗಿಯರು ದುಡ್ಡು ಕೊಟ್ಟೇ ಹೋಗಬೇಕು. ಕೊಪ್ಪದ ಸಹಕಾರ ಸಾರಿಗೆ ಇದ್ದಾಗ ವಿದ್ಯಾರ್ಥಿಗಳಿಗೆ ರಿಯಾಯಿತಿ ಪಾಸ್ ಸಿಗುತ್ತಿತ್ತು. ಕಾರ್ಮಿಕರೇ ಕಟ್ಟಿದ ಸಂಸ್ಥೆ ಅದು. 2020ರಲ್ಲಿ ನಿಂತುಹೋಯಿತು. ನಾನು ಪಿಯುಸಿ ಮುಗಿಸಿದ್ದು ಆ ಬಸ್ಸಿನಿಂದ.

ಕಾಫಿ ಗಿಡ

ಸಹಕಾರ ಸಾರಿಗೆ ನೆನಪು ಮಾಡಿ ಹೊಟ್ಟೆ ಉರಿಸಿದಿರಿ. ಕಂಡಕ್ಟರ್‌ಗೆ ಊರಿನ ಪ್ರತಿ ಮಗುವಿನ ಪರಿಚಯ ಇತ್ತು. ಪರೀಕ್ಷೆ ದಿನ ತಡವಾದರೆ ಕಾಯುತ್ತಿದ್ದರು.

ಹಿನ್ನೀರು

ನಮ್ಮ ಕಡೆ ಲಾಂಚ್ ಕಾಯೋದಾಗಿತ್ತು. ಶರಾವತಿ ಹಿನ್ನೀರಿನ ಆಚೆ ಇರುವ ನಾವು ಸಾಗರದ ಕಾಲೇಜಿಗೆ ಹೋಗಬೇಕಾದರೆ ಲಾಂಚೇ ಗತಿಯಾಗಿತ್ತು. ಲಾಂಚ್ ತಪ್ಪಿದರೆ ಅವತ್ತಿನ ಕ್ಲಾಸೂ ತಪ್ಪಿತು. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಆಯಿತು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅಲ್ಲಿಂದ ಲೆಕ್ಕ ಹಾಕಿ, ಎಷ್ಟು ತಲೆಮಾರಿನ ಮಕ್ಕಳು ನೀರು ಕಾದರು ಅಂತ. ನಮ್ಮ ದೊಡ್ಡಮ್ಮನ ಮೂರು ಹೆಣ್ಣುಮಕ್ಕಳೂ ಹತ್ತನೇ ಕ್ಲಾಸಿಗೇ ನಿಲ್ಲಿಸಿದ್ದು ಇದೇ ಕಾರಣಕ್ಕೆ.

ತುಂಗೆ ನೀರು

ಎಲ್ಲಿಂದ ಎಲ್ಲಿಗೋ ಹೋಗುತ್ತಿದೆ ಚರ್ಚೆ. ಹುಡುಗಿ ವಿಷಯಕ್ಕೆ ಬನ್ನಿ.

ಹಳೇ ಮೇಷ್ಟ್ರು

ಇದೂ ಆ ಹುಡುಗಿ ವಿಷಯವೇ. ನಿಯಮದ ಪ್ರಕಾರ ಹಿರಿಯ ಪ್ರಾಥಮಿಕ ಶಾಲೆ 3 ಕಿಲೋಮೀಟರ್ ಒಳಗೆ ಇರಬೇಕು. ನಾಲ್ಕು ಕಿಲೋಮೀಟರ್ ಕಾಡು ದಾರಿ ಅಂದರೆ ಓಡಾಟಕ್ಕೆ ವ್ಯವಸ್ಥೆ ಮಾಡಿಕೊಡಿ ಅಂತ ಶಾಲೆಯ ಎಸ್‌ಡಿಎಂಸಿ ಸಮಿತಿಯಿಂದ ಕ್ಷೇತ್ರ ಶಿಕ್ಷಣಾಧಿಕಾರಿಗೆ (ಬಿಇಒ) ಅರ್ಜಿ ಹಾಕಬಹುದು. ಹಾಕಿ. ಬಾಯಲ್ಲಿ ಹೇಳಬೇಡಿ, ಬರೆದು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ.

ಹೊಳೆಬದಿ ಮನೆ (ಸೋಮವಾರ ಸಂಜೆ)

ಹೋಗಿ ಬಂದೆ. ಹೆಡ್ ಮೇಷ್ಟ್ರು, ಅಂಗನವಾಡಿ ಟೀಚರ್, ನಾನು ಮೂವರೂ ಹೋದೆವು. ಅವಳ ಅಮ್ಮ ಸುಲಿಯೋದು ನಿಲ್ಲಿಸಲಿಲ್ಲ, ಮಾತಾಡುತ್ತಾ ಸುಲಿಯುತ್ತಿದ್ದಳು. ಒಂದು ನಿಮಿಷಕ್ಕೆ ಎಷ್ಟು ಕಾಯಿ ಸುಲಿಯುತ್ತಾಳೋ ದೇವರೇ ಬಲ್ಲ, ಕೈ ಕಾಣುವುದೇ ಇಲ್ಲ. "ಕೂಸನ್ನ ಯಾರ ನೋಡ್ತಾರ್ರೀ? ಈ ಕತ್ತಿ ಮುಂದ ಕುಂದರಸಾಕ ಆಗತೈತೇನ್ರೀ?" ಅಂದಳು. ಅದು ನಿಜ. ಅಂಬೆಗಾಲಿಡೋ ಮಗು, ಸುತ್ತ ಎಂಟು ಮೆಟ್ಟುಗತ್ತಿ. ಅಂಗನವಾಡಿಯಲ್ಲಿ ದಿನವಿಡೀ ಕೂರಿಸಿಕೊಳ್ಳುವುದು ಮೂರು ವರ್ಷ ತುಂಬಿದವರನ್ನು.

ಆಮೇಲೆ ಹುಡುಗಿಯನ್ನು ಒಬ್ಬಳನ್ನೇ ನಮ್ಮ ಮನೆ ಜಗಲಿಗೆ ಕರೆದು ಕೂರಿಸಿದೆ. ಅವಲಕ್ಕಿ ಮೊಸರು ಕೊಟ್ಟೆ. ಎಡಗೈಯನ್ನು ಲಂಗದ ಮಡಿಕೆಯಲ್ಲಿ ಮುಚ್ಚಿಕೊಂಡು ಚಮಚ ಕೇಳಿದಳು. ಹಳ್ಳಿ ಹುಡುಗಿ ಅವಲಕ್ಕಿಗೆ ಚಮಚ ಕೇಳುವುದು ಎಲ್ಲಾದರೂ ಉಂಟೇ? ಆಗ ನನಗೆ ಅರ್ಥವಾಯಿತು. ಕೈ ತೋರಿಸು ಅಂದೆ. ಚೊಗರು, ಹಸಿ ಅಡಿಕೆಯ ಕಲೆ. ಬೆರಳು, ಉಗುರು, ಅಂಗೈ ಗೆರೆ ಎಲ್ಲ ಕಪ್ಪು. ಬಿಸಿಯೂಟಕ್ಕೆ ಕೂತಾಗ ಪಕ್ಕದ ಹುಡುಗಿ "ಕೈ ತೊಳ್ಕೊಂಡು ಬಾ, ಗಲೀಜು" ಅಂದಳಂತೆ. ತೊಳೆದರೂ ಹೋಗಲಿಲ್ಲ. ಮಾರನೇ ದಿನ ಯಾರೂ ಪಕ್ಕ ಕೂರಲಿಲ್ಲವಂತೆ. ಅವಳು ಆಮೇಲೆ ಊಟ ಮಾಡುವುದನ್ನೇ ಬಿಟ್ಟಿದ್ದಳು. ಎರಡು ದಿನ ಹಸಿದುಕೊಂಡು ಕೂತು, ಮೂರನೇ ದಿನ ಹೋಗಲೇ ಇಲ್ಲ.

ಮೇಷ್ಟ್ರು ಹೇಳಿದ ಸಣ್ಣ ಕಾರಣ ಇದೇ ಇರಬೇಕು. ನಾನು ತಮ್ಮನೇ ಕಾರಣ ಅಂತ ಎದ್ದು ಬಂದಿದ್ದರೆ ಗೊತ್ತೇ ಆಗುತ್ತಿರಲಿಲ್ಲ.

ಕಾನುಮನೆ ಅಕ್ಕ

ಅಯ್ಯೋ ಪುಟ್ಟಿ. ನಮ್ಮ ಕಾಲದಲ್ಲಿ ಕ್ಲಾಸಿನ ಎಲ್ಲರ ಕೈಯೂ ಕಪ್ಪಗಿತ್ತು, ಹಾಗಾಗಿ ಯಾರೂ ಯಾರಿಗೂ ಅನ್ನಲಿಲ್ಲ. ಈಗಿನ ನಮ್ಮ ಮಕ್ಕಳಿಗೆ ಚೊಗರು ಅಂದರೇನು ಅಂತಲೇ ಗೊತ್ತಿಲ್ಲ. ಅವರು ತಿನ್ನುವ ಅನ್ನ ಅದೇ ಅಡಿಕೆಯದು.

ನಿಂಬೆಹಣ್ಣಿನ ಹೋಳು ತಿಕ್ಕಿಸಿ. ರಾತ್ರಿ ಸುಲಿಯುವ ಮುಂಚೆ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡರೆ ಅಷ್ಟಾಗಿ ಹಿಡಿಯುವುದಿಲ್ಲ.

ಮಳೆ ಹುಚ್ಚಿ

ವಾಟೆಹುಳಿ ಇನ್ನೂ ಒಳ್ಳೆಯದು. ನಮ್ಮಮ್ಮ ವಾಟೆ ನೀರಲ್ಲಿ ಕೈ ನೆನೆಸಿ ತೆಂಗಿನ ನಾರಿನಲ್ಲಿ ತಿಕ್ಕುತ್ತಿದ್ದರು.

ಚಪ್ಪರದ ಯಜಮಾನ

ಹುಣಸೆ ಹುಳಿನೂ ನಡೆಯುತ್ತದೆ. ಗಾಯ ಇದ್ದರೆ ಮಾತ್ರ ಹುಳಿ ಬೇಡ, ಉರಿ ಕಿತ್ತುಕೊಳ್ಳುತ್ತದೆ. ಅವಳ ಹೆಬ್ಬೆರಳಿಗೆ ಬಟ್ಟೆ ಸುತ್ತಿದೆ ಅಂದಿರಲ್ಲ.

ಸಾಗರದ ಭಾವ

ಕ್ಷಮಿಸಿ, ನಿಂಬೆಹಣ್ಣು ತಿಕ್ಕಿಸಿ ರಾತ್ರಿ ಮತ್ತೆ ಸುಲಿಯೋದಕ್ಕೆ ಕಳಿಸೋದಾ? ಸುಲಿಯೋದೇ ನಿಲ್ಲಬೇಕು. ಎಣ್ಣೆ ಹಚ್ಚಿಕೊಂಡು ಸುಲಿ ಅಂತ ನಾವೇ ಹೇಳಿಕೊಟ್ಟರೆ ಹೇಗೆ? ಅವಳಿಗೆ ಹದಿಮೂರು ವರ್ಷ.

ಕಾನುಮನೆ ಅಕ್ಕ

ನೀವು ಹೇಳಿದ್ದು ಸರಿ. ನಾನು ಕೈ ಮಾತ್ರ ನೋಡಿದೆ. ಎಣ್ಣೆ ಮಾತು ವಾಪಸ್ ತೆಗೆದುಕೊಂಡೆ.

ಹಳೇ ಮೇಷ್ಟ್ರು

ಕೈ ಅವಳು ತೊಳೆದುಕೊಂಡರೆ ಸಾಲದು. ಕ್ಲಾಸಿನಲ್ಲಿ ಟೀಚರ್ ಮಾತಾಡಬೇಕು. ಗಲೀಜು ಅಂದ ಹುಡುಗಿಗೆ ಬೈಯುವುದು ಬೇಡ, ಅವಳೂ ಮಗು. ನಾನಾಗಿದ್ದರೆ ಒಂದು ದಿನ ಎರಡು ಹಸಿ ಅಡಿಕೆ ತಂದು ಎಲ್ಲರ ಕೈಯಲ್ಲೂ ಹಿಂಡಿಸುತ್ತಿದ್ದೆ. ಸಂಜೆ ಮನೆಗೆ ಹೋಗುವ ಹೊತ್ತಿಗೆ ಇಡೀ ತರಗತಿಯ ಅಂಗೈ ಕಪ್ಪಾಗಿರುತ್ತಿತ್ತು. ಯಾಕೆ ಕಪ್ಪಾಗುತ್ತದೆ, ಈ ಕೆಲಸ ಯಾರು ಮಾಡುತ್ತಾರೆ ಅಂತ ಪಾಠ ಅಲ್ಲಿಂದ ಶುರು.

ಗುಡ್ಡೇಕೊಪ್ಪದ ತಂಗಿ

ನಾನು ಹಿಂದೆ ಶಾಲೆ ಬಿಟ್ಟ ಮಕ್ಕಳ ವಸತಿ ಕೇಂದ್ರದಲ್ಲಿ ಕೆಲಸ ಮಾಡಿದವಳು. ಒಂದು ಎಚ್ಚರಿಕೆ ಹೇಳುತ್ತೇನೆ. ಇಂಥ ಸಮಯದಲ್ಲಿ ಎಲ್ಲರೂ "ಹಾಸ್ಟೆಲಿಗೆ ಸೇರಿಸಿ" ಅನ್ನುತ್ತಾರೆ. ಹುಡುಗಿಯರಿಗೆ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯ ಇದೆ, 2004ರಿಂದ ನಡೆದಿದೆ, ಊಟ ವಸತಿ ಎಲ್ಲ ಉಚಿತ, ಒಳ್ಳೆಯದೇ. ಆದರೆ ಮಗುವನ್ನು ಕೇಳದೆ ಸೇರಿಸಬೇಡಿ. ನಮ್ಮಲ್ಲಿಗೆ ಒಬ್ಬಳು ಬಂದಿದ್ದಳು. ವಾರದಲ್ಲಿ ಎರಡು ಸಲ ಗೇಟು ಹಾರಿದಳು. ಹಿಡಿದು ಕರೆತಂದು ಕೇಳಿದರೆ "ನನ್ನ ತಮ್ಮನಿಗೆ ನಾನಿಲ್ಲದೆ ನಿದ್ದೆ ಬರಲ್ಲ" ಅಂದಳು. ನಾವು ಅವಳಿಗೆ ಹಾಸಿಗೆ, ತಟ್ಟೆ, ಪುಸ್ತಕ ಎಲ್ಲ ಕೊಟ್ಟಿದ್ದೆವು. ಇದನ್ನು ಯಾರೂ ಕೇಳಿರಲಿಲ್ಲ.

ಕೊನೆಗೆ ಅವಳ ಚಿಕ್ಕಮ್ಮನ ಊರಿನ ಶಾಲೆಗೆ ಹಾಕಿ, ತಮ್ಮನನ್ನೂ ಅಲ್ಲಿಗೇ ಬಿಟ್ಟರು. ಓದಿದಳು.

ಕೊನೆಗಾರ

ಮೊದಲು ನಾನು ಬರೆದದ್ದು ಬೇರೆ ನೆನಪಿನಲ್ಲಿ. ಎರಡು ದಿನ ಹಸಿದುಕೊಂಡು ಕೂತಳು ಅನ್ನೋದನ್ನು ಓದಿದ ಮೇಲೆ ನನ್ನ ಹತ್ತಿರ ಮಾತಿಲ್ಲ. ಆದರೂ ಒಂದು ಕೇಳುತ್ತೇನೆ, ಜಗಳಕ್ಕಲ್ಲ. ಅವಳು ಸುಲಿಯದಿದ್ದರೆ ಆ ಮನೆಗೆ ದಿನಕ್ಕೆ ಎರಡು ಮೂರು ಡಬ್ಬದ ದುಡ್ಡು ಕಮ್ಮಿ. ಅದನ್ನು ಯಾರು ತುಂಬಿಕೊಡುತ್ತಾರೆ?

ವಕೀಲರ ಮನೆ ಹುಡುಗಿ

ನ್ಯಾಯವಾದ ಪ್ರಶ್ನೆ. ಪೂರ್ತಿ ಉತ್ತರ ನನ್ನ ಹತ್ತಿರ ಇಲ್ಲ, ಒಂದು ಭಾಗ ಇದೆ. ಮಿಷನ್ ವಾತ್ಸಲ್ಯದಲ್ಲಿ ಪ್ರಾಯೋಜಕತ್ವ ಅಂತ ಒಂದು ಸೌಲಭ್ಯ ಇದೆ. ಕಷ್ಟದಲ್ಲಿರುವ ಮಗು ಮನೆಯಲ್ಲೇ ಇದ್ದು ಓದಲಿ ಅಂತ ತಿಂಗಳಿಗೆ 4,000 ರೂಪಾಯಿ. ಹಳ್ಳಿಯವರಾದರೆ ಮನೆಯ ವರ್ಷದ ಆದಾಯ 72 ಸಾವಿರ ಮೀರಬಾರದು. ವಿಧವೆಯರ ಮಕ್ಕಳು, ತಂದೆತಾಯಿ ಇಲ್ಲದೆ ನೆಂಟರ ಮನೆಯಲ್ಲಿರುವ ಮಕ್ಕಳು, ತಂದೆತಾಯಿಗೆ ದೊಡ್ಡ ಕಾಯಿಲೆ ಇರುವವರು, ಹೀಗೆ ಯಾರಿಗೆ ಅಂತ ನಿಯಮ ಇದೆ. ಬಾಲಕಾರ್ಮಿಕ ಮಕ್ಕಳೂ ರಕ್ಷಣೆ ಬೇಕಾದವರ ಪಟ್ಟಿಯಲ್ಲಿ ಬರುತ್ತಾರೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಅರ್ಜಿ ಕೊಟ್ಟು ಕೇಳಬೇಕು. ಸಿಗುತ್ತದೆ ಅಂತ ಅವಳ ಅಮ್ಮನಿಗೆ ಈಗಲೇ ಮಾತು ಕೊಡಬೇಡಿ.

ಮಕ್ಕಳ ಕಲ್ಯಾಣ ಸಮಿತಿ ಅಂದರೆ ಪೊಲೀಸ್ ಸ್ಟೇಷನ್ ಅಂದುಕೊಂಡು ಹೆದರುತ್ತಾರೆ. ಪ್ರತಿ ಜಿಲ್ಲೆಗೂ ಒಂದು ಇದೆ. ಒಬ್ಬರು ಅಧ್ಯಕ್ಷರು, ನಾಲ್ಕು ಜನ ಸದಸ್ಯರು, ಅದರಲ್ಲಿ ಒಬ್ಬರಾದರೂ ಹೆಂಗಸು ಇರಲೇಬೇಕು. ಮಗುವಿನ ಮಾತು ಕೇಳುವುದೇ ಅವರ ಕೆಲಸ.

ತುಂಗೆ ನೀರು

ಇನ್ನೊಂದು ಮರೆಯಬೇಡಿ. ಹದಿಮೂರಕ್ಕೆ ಶಾಲೆ ಬಿಟ್ಟ ಹುಡುಗಿಗೆ ಹದಿನೈದಕ್ಕೆ ಗಂಡು ನೋಡುತ್ತಾರೆ. ನಮ್ಮ ಮನೆ ಕೆಲಸಕ್ಕೆ ಬರುತ್ತಿದ್ದವಳ ಮಗಳಿಗೆ ಹಾಗೇ ಆಯಿತು. ನಮಗೆ ಗೊತ್ತಾಗುವ ಹೊತ್ತಿಗೆ ತಾಳಿ ಬಿದ್ದಿತ್ತು.

ವಕೀಲರ ಮನೆ ಹುಡುಗಿ

ಕರ್ನಾಟಕದಲ್ಲಿ ಅಂಥ ಮದುವೆ ಕಾನೂನಿನ ಕಣ್ಣಲ್ಲಿ ಮೊದಲಿಂದಲೇ ಮದುವೆ ಅಲ್ಲ. 2006ರ ಕಾಯ್ದೆಗೆ ನಮ್ಮ ರಾಜ್ಯ ಹಾಗೆ ತಿದ್ದುಪಡಿ ಮಾಡಿಕೊಂಡಿದೆ. ಆದರೆ ನೀವು ಹೇಳಿದ ಹಾಗೆ, ತಡೆಯೋದಕ್ಕೆ ಶಾಲೆಯಷ್ಟು ಗಟ್ಟಿ ಯಾವುದೂ ಇಲ್ಲ.

ಹಿನ್ನೀರು

ಮಕ್ಕಳ ಗ್ರಾಮಸಭೆ ನಿಮ್ಮಲ್ಲಿ ಆಯ್ತಾ? ಪ್ರತಿ ಪಂಚಾಯತಿಯಲ್ಲೂ ವರ್ಷಕ್ಕೊಮ್ಮೆ ಮಾಡಬೇಕು. ನಮ್ಮಲ್ಲಿ ನಾಲ್ಕನೇ ಕ್ಲಾಸಿನ ಹುಡುಗಿ ಎದ್ದು ನಿಂತು "ಶಾಲೆ ಶೌಚಾಲಯಕ್ಕೆ ಬಾಗಿಲಿಲ್ಲ, ನಾವು ನೀರೇ ಕುಡಿಯಲ್ಲ" ಅಂದಳು. ಎಲ್ಲರೂ ತಲೆ ತಗ್ಗಿಸಿದರು. ಹದಿನೈದು ದಿನದಲ್ಲಿ ಬಾಗಿಲು ಬಂತು. ಬಂದ ಕೂಲಿಯವರ ಮಕ್ಕಳನ್ನೂ ಆ ಸಭೆಗೆ ಕರೆಯಬೇಕು. ಹಗಲು ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಕೂಸಿನ ಮನೆ ಬಗ್ಗೆಯೂ ಕೇಳಿ. ನರೇಗಾ ಕೆಲಸದವರ ಪುಟ್ಟ ಮಕ್ಕಳಿಗೆ ಅಂತ 2023ರಿಂದ ಪಂಚಾಯತಿಗಳಲ್ಲಿ ಶುರುವಾಗಿದೆ. ನಿಮ್ಮ ಪಂಚಾಯತಿಯಲ್ಲಿ ಇದ್ದರೆ ಆ ತಮ್ಮನನ್ನೂ ಕೂರಿಸಿಕೊಳ್ಳಿ ಅಂತ ಪಿಡಿಒ ಹತ್ತಿರ ಮಾತಾಡಿ.

ಹೊಳೆಬದಿ ಮನೆ (ಶುಕ್ರವಾರ ರಾತ್ರಿ)

ನಾಲ್ಕು ದಿನ ಬರೆಯೋದಕ್ಕೆ ಆಗಲಿಲ್ಲ. ಆದದ್ದು ಹೇಳುತ್ತೇನೆ.

ಮಂಗಳವಾರ 1098ಕ್ಕೆ ಫೋನ್ ಮಾಡಿದೆ. ಕೈ ನಡುಗುತ್ತಿತ್ತು. ಬುಧವಾರ ಇಬ್ಬರು ಬಂದರು. ಯಾರ ಮೇಲೂ ಕೂಗಾಡಲಿಲ್ಲ. ಹುಡುಗಿ ಹತ್ತಿರ ಬೇರೆ ಕೂತು ಮಾತಾಡಿದರು. ಚೇಣಿಯವರಿಗೂ ತೋಟದವರಿಗೂ ಮಕ್ಕಳನ್ನು ಸುಲಿಯೋದಕ್ಕೆ ಕೂರಿಸಬಾರದು ಅಂತ ಬರೆಸಿಕೊಂಡು ಹೋದರು, ಮತ್ತೆ ಬರುತ್ತೇವೆ ಅಂದಿದ್ದಾರೆ. ಪಕ್ಕದ ಮನೆಯವರು ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದರು. ಇವತ್ತು ಅವರ ಮನೆಯ ಅಜ್ಜಿ ತಾವೇ ಚಪ್ಪರಕ್ಕೆ ಹೋಗಿ "ಆ ಪಾಪುನ ಇಲ್ಲಿ ಕೊಡಿ, ನಂಗೂ ಹೊತ್ತು ಹೋಗುತ್ತೆ" ಅಂತ ಎತ್ತಿಕೊಂಡು ಬಂದರು. ಈಗ ಅವನು ಅವರ ಜಗಲಿಯಲ್ಲಿ ಅಡಿಕೆ ಹಾಳೆಯ ಮೇಲೆ ಕೂತು ಎಳೆಸಿಕೊಳ್ಳುತ್ತಾ ಕೇಕೆ ಹಾಕುತ್ತಾನೆ. ಕೂಸಿನ ಮನೆ ನಮ್ಮ ಪಂಚಾಯತಿಯಲ್ಲಿ ಇದೆ, ಆದರೆ ಆರು ಕಿಲೋಮೀಟರ್ ದೂರ.

ಬಸ್ಸು ಇನ್ನೂ ಆಗಿಲ್ಲ. ಅರ್ಜಿ ಕೊಟ್ಟಿದ್ದೇವೆ, ಸ್ವೀಕೃತಿ ಇದೆ ಮೇಷ್ಟ್ರೇ. ಅಲ್ಲಿಯವರೆಗೆ ಹಾಲಿನ ಡೇರಿಗೆ ಹೋಗುವ ಓಮ್ನಿಯಲ್ಲಿ ನಮ್ಮ ಕೇರಿಯ ಮಕ್ಕಳ ಜೊತೆ ಹೋಗುತ್ತಾಳೆ. ಇವತ್ತು ಹೋದಳು. ಕೈ ಇನ್ನೂ ಕಪ್ಪಗೇ ಇದೆ. ಟೀಚರ್ ಅವಳ ಪಕ್ಕ ಕೂತು ಊಟ ಮಾಡಿದರಂತೆ. ಹಸಿ ಅಡಿಕೆ ಪಾಠ ಸೋಮವಾರ ಮಾಡುತ್ತಾರಂತೆ, ಅಡಿಕೆ ನಮ್ಮ ಮನೆಯದೇ ಕಳಿಸುತ್ತೇನೆ.

ಅವಳಿಗೆ ಹದಿನಾರು ವರ್ಷದ ಅಣ್ಣ ಒಬ್ಬ ಇದ್ದಾನೆ. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದಾನೆ. ಅಡಿಕೆ ಕೊನೆ ಹೊರುತ್ತಾನೆ. ಅವನ ವಿಷಯ ಯಾರಿಂದಲೂ ಏನೂ ಆಗಲಿಲ್ಲ. "ನಂಗ್ಯಾಕ್ರೀ ಈಗ" ಅಂದ.

ಶಿವರಾತ್ರಿ ಹೊತ್ತಿಗೆ ಇವರೆಲ್ಲ ಊರಿಗೆ ಹೊರಡುತ್ತಾರೆ. ಆಗ ಏಳನೇ ಕ್ಲಾಸಿನ ಪರೀಕ್ಷೆ ಹತ್ತಿರ ಬಂದಿರುತ್ತದೆ. ಇಲ್ಲಿಂದ ಟಿಸಿ ಸಿಗೋದು ತಡ ಆದರೆ ಏನು ಮಾಡೋದು?

ಹಳೇ ಮೇಷ್ಟ್ರು

ಟಿಸಿ ತಡ ಆಯಿತು ಅಂತ ಯಾವ ಶಾಲೆಯೂ ಸೇರಿಸಿಕೊಳ್ಳದೆ ಇರುವಂತಿಲ್ಲ, ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ನೋಡಿ. ವರ್ಷದ ನಡುವೆ ಯಾವಾಗ ಬಂದರೂ ಸೇರಿಸಬೇಕು. ಅವಳ ಸ್ಯಾಟ್ಸ್ ಸಂಖ್ಯೆ, ಅಂದರೆ ಶಾಲಾ ದಾಖಲೆಯ ಆನ್‌ಲೈನ್ ನಂಬರ್, ಒಂದು ಚೀಟಿಯಲ್ಲಿ ಬರೆದು ಅವಳ ಅಮ್ಮನ ಕೈಯಲ್ಲಿ ಕೊಡಿ. ಆ ನಂಬರ್ ಇದ್ದರೆ ಅಲ್ಲಿಯ ಹೆಡ್ ಮೇಷ್ಟ್ರು ಆನ್‌ಲೈನಿನಲ್ಲೇ ಇವಳ ದಾಖಲೆ ತರಿಸಿಕೊಳ್ಳುತ್ತಾರೆ. ಅಣ್ಣನಿಗೆ ಓದು ಬೇಡವಾದರೆ ಬೇಡ, ನೇರವಾಗಿ ಹತ್ತನೇ ಕ್ಲಾಸು ಕಟ್ಟಬಹುದು ಅಂತ ಒಂದು ಸಲ ಹೇಳಿಡಿ. ಮುಂದೊಂದು ದಿನ ನೆನಪಾಗುತ್ತದೆ.

ರಾಣೆಬೆನ್ನೂರು ರೊಟ್ಟಿ

ಇಷ್ಟು ದಿನ ಸುಮ್ನೆ ಓದುತ್ತಿದ್ದೆ. ನಾನು ಹಾವೇರಿ ಜಿಲ್ಲೆಯವಳು, ಶಾಲೆಯಲ್ಲೇ ಕೆಲಸ. ಮಳೆ ಕೈಕೊಟ್ಟ ವರ್ಷ ನಮ್ಮ ಊರುಗಳಿಂದ ಮನೆಗೆ ಬೀಗ ಹಾಕಿಕೊಂಡು ನಿಮ್ಮ ಕಡೆ ಬರುತ್ತಾರೆ. ಹಾಜರಿ ಪುಸ್ತಕದಲ್ಲಿ ಆ ಹೆಸರುಗಳ ಮುಂದೆ ನಾವು ದಿನಾ ಗೈರು ಅಂತ ಬರೆಯುತ್ತೇವೆ. ಆ ಮಕ್ಕಳು ಎಲ್ಲಿ ಹೋದರು ಅಂತ ನಮಗೆ ಗೊತ್ತಾಗುವುದೇ ಇಲ್ಲ. ಹೊಳೆಬದಿ ಅಕ್ಕ, ಅವಳ ಹೆಸರು ಇಲ್ಲಿ ಬೇಡ. ಊರು ಯಾವುದು ಅಂತ ನನಗೆ ಬೇರೆ ಮೆಸೇಜ್ ಮಾಡಿ. ಅವರು ಹೊರಡೋ ದಿನವೂ ತಿಳಿಸಿ. ಆ ಶಾಲೆಯ ಟೀಚರ್ ಹತ್ತಿರ ಮೊದಲೇ ಮಾತಾಡಿ ಇಟ್ಟಿರುತ್ತೇನೆ.

ಹೊಳೆಬದಿ ಮನೆ

ಈಗಲೇ ಮಾಡಿದೆ, ನೋಡಿ.